ಏರು ಇಲ್ಲದ ದಾರಿ: ದಾವಣಗೆರೆ ಸುತ್ತ ಹೊಳೆ, ನಾಲೆ, ಹಳಿಗಳ ಬದಿಯಲ್ಲಿ ನಡೆಯುವವರಿಗೆ ಮಾರ್ಗದರ್ಶಿ

ದಾವಣಗೆರೆಯಲ್ಲಿ ಬೆಳಗಿನ ನಡಿಗೆ ಎಂದರೆ ಹೈಸ್ಕೂಲ್ ಮೈದಾನದ ಸುತ್ತು, ಇಲ್ಲವೇ ಕುಂದವಾಡ ಕೆರೆಯ ಏರಿ. ಚಾರಣ ಎಂದರೆ ಚಿತ್ರದುರ್ಗದ ಜೋಗಿಮಟ್ಟಿ, ಇಲ್ಲವೇ ಚಿಕ್ಕಮಗಳೂರಿನ ಬೆಟ್ಟಗಳು. ಇವೆರಡಕ್ಕೂ ಸೇರದ ಇನ್ನೊಂದು ಬಗೆಯ ನಡಿಗೆ ಇದೆ. ಊರಿನಾಚೆ, ಹೊಲಗದ್ದೆಗಳ ನಡುವೆ, ಏದುಸಿರು ಬಿಡದೆ, ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಐದಾರು ಕಿಲೋಮೀಟರ್. ಮಂಡಿನೋವಿನ ಅತ್ತೆಯೂ ಆರು ವರ್ಷದ ಮಗುವೂ ಜೊತೆಗೆ ಬರಬಹುದಾದ ನಡಿಗೆ. ಅದಕ್ಕೆ ಬೇಕಾದದ್ದು ಏರಿಳಿತವಿಲ್ಲದ ದಾರಿ. ಅದನ್ನು ಹುಡುಕುವುದು ಹೇಗೆ, ಯಾವಾಗ ಹೋಗಬೇಕು, ಎಲ್ಲಿ ಕಾಲಿಡಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಹಳಿಯ ಮಾತು

ಹೊರದೇಶಗಳಲ್ಲಿ ಸಲೀಸು ನಡಿಗೆಗೆ ಹೆಸರಾದದ್ದು ಮುಚ್ಚಿಹೋದ ರೈಲು ಮಾರ್ಗಗಳು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಮಾರ್ಗವನ್ನು ನಷ್ಟದ ಕಾರಣ ಹೇಳಿ ಮುಚ್ಚಿದರು. ಹಳಿ ಕಿತ್ತ ಮೇಲೆ ಉಳಿದ ಒಡ್ಡುಗಳ ಮೇಲೆ ಈಗ ಎಷ್ಟೋ ಕಡೆ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ಸ್ಪೇನ್ 1993ರಿಂದ ಇಂಥ ಮಾರ್ಗಗಳನ್ನು ‘ಹಸಿರು ದಾರಿ’ಗಳಾಗಿ ಬದಲಿಸುತ್ತಾ ಬಂದಿದೆ. ಅವು ಇಷ್ಟು ಸಲೀಸಾಗಿರಲು ಕಾರಣ ಉಗಿಬಂಡಿ. ಅದಕ್ಕೆ ಏರು ಆಗುತ್ತಿರಲಿಲ್ಲ. ನೂರು ಅಡಿಗೆ ಒಂದು ಅಡಿ ಏರಿದರೂ ರೈಲಿಗೆ ಅದು ಕಷ್ಟದ ಏರು. ನಡೆಯುವವರ ಕಾಲಿಗೆ ಅದು ತಿಳಿಯುವುದೂ ಇಲ್ಲ.

ಇದನ್ನು ಓದಿದವರು ನಮ್ಮಲ್ಲೂ ಹಳೆಯ ಹಳಿ ಹುಡುಕಲು ಹೊರಡುತ್ತಾರೆ. ಹುಡುಕಬೇಡಿ ಎನ್ನುವುದಿಲ್ಲ, ಆದರೆ ನಿರೀಕ್ಷೆ ಕಡಿಮೆ ಇರಲಿ. ನಮ್ಮ ಮಾರ್ಗ ಮುಚ್ಚಲಿಲ್ಲ, ಅಗಲವಾಯಿತು. ಬೆಂಗಳೂರಿನಿಂದ ಹರಿಹರದ ಮೂಲಕ ಹುಬ್ಬಳ್ಳಿಗೆ ಹೋಗುವ ಮಾರ್ಗ ಹತ್ತೊಂಬತ್ತನೆಯ ಶತಮಾನದ ಮೀಟರ್ ಗೇಜ್ ಮಾರ್ಗ. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು, ಆಮೇಲೆ ಜೋಡಿ ಮಾರ್ಗವೂ ಆಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ರಾಯದುರ್ಗದ ಕಡೆ ಕವಲೊಡೆಯುವ ಮಾರ್ಗದಲ್ಲೂ ರೈಲು ಓಡುತ್ತಿದೆ. ಗೇಜ್ ಬದಲಿಸುವಾಗ, ಎರಡನೆಯ ಹಳಿ ಹಾಕುವಾಗ ತಿರುವುಗಳನ್ನು ನೇರ ಮಾಡುವುದು ರೂಢಿ. ಹಾಗೆ ಮಾಡಿದಲ್ಲಿ ಹಳೆಯ ಒಡ್ಡಿನ ತುಂಡುಗಳು ಬಳ್ಳಾರಿ ಜಾಲಿಯ ಕೆಳಗೆ ಉಳಿದುಕೊಳ್ಳುತ್ತವೆ. ಹಳಿ ಇಲ್ಲದಿದ್ದರೂ ಆ ನೆಲ ರೈಲ್ವೆಯದೇ.

ಹಳಿಯ ಮೇಲಾಗಲಿ, ರೈಲ್ವೆ ಗಡಿಯ ಒಳಗಾಗಲಿ ಅನುಮತಿಯಿಲ್ಲದೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಕಲೇಶಪುರದ ಘಾಟಿಯಲ್ಲಿ ಗೇಜ್ ಪರಿವರ್ತನೆಗಾಗಿ ರೈಲು ನಿಂತಿದ್ದ ವರ್ಷಗಳಲ್ಲಿ ಹಳಿ ಮೇಲಿನ ಚಾರಣ ಜನಪ್ರಿಯವಾಯಿತು. ರೈಲು ಮತ್ತೆ ಓಡತೊಡಗಿದ ಮೇಲೂ ಜನ ಆ ಚಟ ಬಿಡಲಿಲ್ಲ. 2023ರ ಜುಲೈನಲ್ಲಿ ದೂಧ್‌ಸಾಗರದ ಹಳಿಯ ಮೇಲೆ ನಡೆದು ಬಂದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ದೃಶ್ಯವನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಬಸ್ಕಿ ಹೊಡೆಸಿದ್ದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ವಿದ್ಯುತ್ ಎಂಜಿನ್ನಿನ ರೈಲು ಬೆನ್ನ ಹಿಂದೆ ಸದ್ದಿಲ್ಲದೆ ಬರುತ್ತದೆ ಎಂಬುದರಲ್ಲಿ ಮಾತ್ರ ಚರ್ಚೆಗೆ ಜಾಗವಿಲ್ಲ.

ಹಳಿಯ ಸಹವಾಸ ಬೇಕೇಬೇಕು ಎನ್ನುವವರಿಗೆ ಒಂದು ಉಪಾಯವಿದೆ. ರೈಲ್ವೆ ಗಡಿಯ ಹೊರಗೆ ಬಹಳ ಕಡೆ ಹೊಲಗಳಿಗೆ ಹೋಗುವ ಬಂಡಿದಾರಿ ಹಳಿಗೆ ಜೊತೆಯಾಗಿ ಸಾಗುತ್ತದೆ. ದಾವಣಗೆರೆ ಮತ್ತು ಚಿಕ್ಕಜಾಜೂರು ನಡುವೆ ತೋಳಹುಣಸೆ, ಕೊಡಗನೂರು, ಮಾಯಕೊಂಡದಂಥ ಸಣ್ಣ ನಿಲ್ದಾಣಗಳಿವೆ. ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಒಂದರಲ್ಲಿ ಇಳಿದು, ಹೊಲದ ದಾರಿ ಹಿಡಿದು ಮುಂದಿನ ಊರಿಗೆ ನಡೆದು, ಬಸ್ಸಿನಲ್ಲಿ ಮರಳಬಹುದು. ಹೊರಡುವ ಹಿಂದಿನ ದಿನ 139ಕ್ಕೆ ಕರೆ ಮಾಡಿ ರೈಲಿನ ಹೊತ್ತು ವಿಚಾರಿಸಿ. ಹಳಿ ದಾಟುವುದು ಗೇಟಿನಲ್ಲಿ ಅಥವಾ ಕೆಳಸೇತುವೆಯಲ್ಲಿ ಮಾತ್ರ. ಮಳೆ ಬಂದ ಮರುದಿನ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು ನಿಂತಿರುವುದೂ ಉಂಟು.

ನಮ್ಮ ಪಾಲಿಗೆ ನಾಲೆಯೇ ಆ ದಾರಿ

ರೈಲು ಮಾರ್ಗ ಹಾಕಿದ ಎಂಜಿನಿಯರಿಗಿಂತ ಏರಿಗೆ ಹೆಚ್ಚು ಹೆದರಿದವನು ನಾಲೆ ತೋಡಿದ ಎಂಜಿನಿಯರ್. ನೀರನ್ನು ಎಳೆದೊಯ್ಯಲು ಎಂಜಿನ್ ಇಲ್ಲ. ಅದು ತಾನೇ ಹರಿಯಬೇಕು, ಎತ್ತರವನ್ನು ಆದಷ್ಟು ಉಳಿಸಿಕೊಂಡು ಹರಿಯಬೇಕು. ದೊಡ್ಡ ನಾಲೆ ಒಂದು ಕಿಲೋಮೀಟರಿಗೆ ಇಳಿಯುವುದು ಕೆಲವು ಹತ್ತು ಸೆಂಟಿಮೀಟರ್ ಮಾತ್ರ. ಅದಕ್ಕೇ ಅದು ಗುಡ್ಡ ಕಂಡಲ್ಲಿ ಬಳಸಿ ಹೋಗುತ್ತದೆ, ಹಳ್ಳ ಕಂಡಲ್ಲಿ ಸೇತುವೆಯಂಥ ಮೇಲ್ಗಾಲುವೆಯಲ್ಲಿ ದಾಟುತ್ತದೆ. ಅದರ ಪಕ್ಕದಲ್ಲೇ ಇಲಾಖೆಯ ಜೀಪು ಓಡಾಡಲು ಮಾಡಿದ ಮಣ್ಣಿನ ರಸ್ತೆ ಇರುತ್ತದೆ. ಜಿಲ್ಲೆಯ ಅತ್ಯಂತ ಸಮತಟ್ಟಾದ ನಡಿಗೆದಾರಿ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದಿಂದ ಹೊರಡುವ ಬಲದಂಡೆ ನಾಲೆ ನಮ್ಮ ಜಿಲ್ಲೆಯಲ್ಲಿ ದಾವಣಗೆರೆ ಶಾಖಾ ನಾಲೆ, ಮಲೇಬೆನ್ನೂರು ಶಾಖಾ ನಾಲೆ ಎಂದು ಕವಲಾಗುತ್ತದೆ. ಅವುಗಳಿಂದ ಉಪನಾಲೆಗಳು, ಅವುಗಳಿಂದ ಹೊಲಗಾಲುವೆಗಳು. ಕುಂದವಾಡ ಕೆರೆಯನ್ನು ತುಂಬುವುದೂ ಭದ್ರೆಯ ನೀರೇ. ಏರಿಯ ಮೇಲೆ ಸುತ್ತುತ್ತಾ ಆ ನೀರನ್ನು ದಿನವೂ ನೋಡುವವರು ಅದು ಬರುವ ದಾರಿಯಲ್ಲೂ ಒಮ್ಮೆ ನಡೆಯಬೇಡವೇ?

ಒಂದು ಮಾತು ಗಮನದಲ್ಲಿರಲಿ. ನಾಲೆಯ ರಸ್ತೆ ನೀರಾವರಿ ಇಲಾಖೆಯದು. ರೈತರು ದಿನವೂ ಓಡಾಡುತ್ತಾರೆ, ನಡೆಯುವವರನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆದರೆ ಬೀಗ ಹಾಕಿದ ಗೇಟು, ತೂಬಿನ ಯಂತ್ರ, ಫಲಕ ಹಾಕಿ ನಿಷೇಧಿಸಿದ ಜಾಗ ಕಂಡರೆ ಹಿಂದಿರುಗಿ. ನೀರು ಬಿಡುವ ಸೌಡಿ ಎದುರಾದರೆ ನಾಲ್ಕು ಮಾತಾಡಿ. ಮುಂದಿನ ದಾರಿ ಕುಸಿದಿದೆಯೇ, ಜೇನು ಕಟ್ಟಿದೆಯೇ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಹೆಜ್ಜೆ 1: ನೀರಿನ ಕಾಲ ತಿಳಿಯಿರಿ

ನಾಲೆಗೆ ವರ್ಷವಿಡೀ ನೀರಿರುವುದಿಲ್ಲ. ಸಾಮಾನ್ಯವಾಗಿ ಮಳೆಗಾಲದ ಬೆಳೆಗೆ ಜುಲೈ, ಆಗಸ್ಟ್‌ನಲ್ಲಿಯೂ ಬೇಸಿಗೆ ಬೆಳೆಗೆ ಜನವರಿಯಲ್ಲಿಯೂ ಬಿಡಲು ಆರಂಭಿಸುತ್ತಾರೆ. ಬೇಸಿಗೆಯಲ್ಲಿ ಸರದಿ ಪ್ರಕಾರ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವುದುಂಟು. ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪತ್ರಿಕೆಗಳಲ್ಲಿ ಬರುತ್ತದೆ. ಅಚ್ಚುಕಟ್ಟಿನ ಊರುಗಳಲ್ಲಿ ಚಹಾದಂಗಡಿಯ ಮಾತೇ ಅದು. ನೀರು ತುಂಬಿ ಹರಿಯುವಾಗ ನಡಿಗೆ ತಂಪು, ಅಕ್ಕಪಕ್ಕದಲ್ಲಿ ಭತ್ತದ ಹಸಿರು. ಖಾಲಿ ನಾಲೆಯ ಬದಿಯಲ್ಲಿ ನಡೆಯುವುದು ನೀರಸ, ಆದರೆ ಮಕ್ಕಳ ಜೊತೆ ಮೊದಲ ಸಲ ಹೋಗುವವರಿಗೆ ಅದೇ ಕ್ಷೇಮ.

ಹೊಳೆಯ ಲೆಕ್ಕ ಬೇರೆ. ತುಂಗಭದ್ರೆ ಜುಲೈ, ಆಗಸ್ಟ್‌ನಲ್ಲಿ ಕೆಂಪಗೆ ಉಕ್ಕುತ್ತದೆ. ಹರಿಹರದಲ್ಲಿ ಬಿಸಿಲಿದ್ದರೂ ಶೃಂಗೇರಿ, ತೀರ್ಥಹಳ್ಳಿಯಲ್ಲಿ ಮಳೆ ಹೊಡೆದರೆ ನೀರು ಏರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಹೆಚ್ಚು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಬಂದದ್ದನ್ನು ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹೊಳೆದಂಡೆಗೆ ಹೋಗುವ ಮುನ್ನ ನಮ್ಮೂರಿನ ಆಕಾಶವನ್ನಲ್ಲ, ಮಲೆನಾಡಿನ ಮಳೆಯ ಸುದ್ದಿಯನ್ನು ನೋಡಬೇಕು. ಹೊಳೆಯ ನಡಿಗೆಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಕಳೆದ ಮೇಲೆ ನಮ್ಮ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತರ ನಂತರ ನಡೆಯುವುದು ಹಟ, ಸುಖವಲ್ಲ.

ಹೆಜ್ಜೆ 2: ನಕ್ಷೆ ನೋಡಿ, ಆಮೇಲೆ ಮನುಷ್ಯರನ್ನು ಕೇಳಿ

ಮೊಬೈಲಿನ ಉಪಗ್ರಹ ಚಿತ್ರದಲ್ಲಿ ನಾಲೆ ಸುಲಭವಾಗಿ ಕಾಣುತ್ತದೆ: ಹೊಲಗಳ ಚೌಕಗಳಿಗೆ ಹೊಂದಿಕೊಳ್ಳದೆ ಬಳುಕುತ್ತಾ ಹೋಗುವ ಕಡುಬಣ್ಣದ ಗೆರೆ, ಅದರ ಬದಿಗೆ ಬಿಳಿಚಿದ ರಸ್ತೆಯ ಗೆರೆ. ರಸ್ತೆ ಒಂದು ಬದಿಗಿದೆಯೋ ಎರಡೂ ಬದಿಗೋ ನೋಡಿಕೊಳ್ಳಿ. ನಡುವೆ ದಾಟುವ ಸೇತುವೆಗಳನ್ನು ಗುರುತು ಮಾಡಿಕೊಳ್ಳಿ, ಏಕೆಂದರೆ ನಡಿಗೆಯನ್ನು ಅರ್ಧಕ್ಕೆ ನಿಲ್ಲಿಸಬೇಕಾದರೆ ಹೊರಬರುವ ಬಾಗಿಲು ಅವೇ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಎತ್ತರದ ಗೆರೆಗಳನ್ನು ದಾಟದೆ ಅವುಗಳ ಜೊತೆಜೊತೆಗೇ ಸಾಗುವ ದಾರಿ ಸಮತಟ್ಟು ಎಂದು ತಿಳಿಯಿರಿ.

ಹೊಲಗಳ ನಡುವಿನ ದಾರಿಗೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಉಪಯೋಗಕ್ಕೆ ಬರುತ್ತದೆ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಕೆರೆ, ಹಳ್ಳ, ಖಾಸಗಿ ಜಮೀನು ಯಾವುದೆಂದು ಅಂದಾಜು ಸಿಗುತ್ತದೆ. ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎನ್ನುವುದು ಗ್ರಾಮ ನಕ್ಷೆಯಲ್ಲಿ ಗುರುತಿಸಿರುವ ದಾರಿಗೆ. ಅದರಲ್ಲಿ ನಡೆಯಲು ಯಾರ ಹಂಗೂ ಬೇಡ. ನಕ್ಷೆಯಲ್ಲಿದ್ದೂ ನೆಲದ ಮೇಲೆ ಉತ್ತು ಬೆಳೆ ಇಟ್ಟಿರುವುದು ನಮ್ಮ ಕಡೆ ಅಪರೂಪವೇನಲ್ಲ. ಅಲ್ಲಿ ವಾದಕ್ಕೆ ನಿಲ್ಲಬೇಡಿ, ಬಳಸಿ ಹೋಗಿ. ಹೊಲದಲ್ಲಿದ್ದವರನ್ನು ‘ಅಣ್ಣಾ, ಈ ಏರಿ ಹಿಡಿದು ಹೋದರೆ ಮುಂದಿನ ಊರು ಸಿಗುತ್ತದೆಯೇ?’ ಎಂದು ಕೇಳಿದರೆ ದಾರಿಯ ಜೊತೆಗೆ ಒಂದು ಲೋಟ ಮಜ್ಜಿಗೆ ಸಿಕ್ಕರೂ ಸಿಕ್ಕೀತು. ‘ಇಲ್ಲೇ, ಹತ್ತಿರ’ ಎಂಬ ಉತ್ತರವನ್ನು ಮಾತ್ರ ಕನಿಷ್ಠ ಎರಡು ಕಿಲೋಮೀಟರ್ ಎಂದು ಓದಿಕೊಳ್ಳಿ.

ಹೆಜ್ಜೆ 3: ದೂರ, ಹೊತ್ತು, ದಿಕ್ಕು

ಗಂಟೆಗೆ ನಾಲ್ಕು ಕಿಲೋಮೀಟರ್ ಎಂಬುದು ನಿಲ್ಲದೆ ನಡೆಯುವವರ ಲೆಕ್ಕ. ಮಕ್ಕಳು, ಹಿರಿಯರು, ಹಕ್ಕಿ ನೋಡುವವರು ಇದ್ದರೆ ಮೂರು ಎಂದು ಹಿಡಿಯಿರಿ. ಮೊದಲ ಸಲಕ್ಕೆ ಐದು ಕಿಲೋಮೀಟರ್ ಧಾರಾಳ. ಡಿಸೆಂಬರಿನಲ್ಲಿ ಬೆಳಕು ಹರಿಯುವುದು ಆರೂಮುಕ್ಕಾಲರ ಸುಮಾರಿಗೆ. ಆಗ ಹೊರಟರೆ ಒಂಬತ್ತಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಪಶ್ಚಿಮದ ಕಡೆಗೆ ನಡೆಯುವಂತೆ ಯೋಜಿಸಿದರೆ ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಬಸ್ ಸಿಗುವ ಊರಿನಲ್ಲಿ ನಡಿಗೆ ಮುಗಿಯಲಿ. ಅದಕ್ಕಿಂತ ಉತ್ತಮ, ಸ್ಕೂಟರನ್ನು ಮುಗಿಯುವ ಜಾಗದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಆರಂಭದ ಜಾಗಕ್ಕೆ ಹೋಗಿ ನಡೆಯುತ್ತಾ ಬರುವುದು. ಬಸ್ಸಿಗಾಗಿ ಗಡಿಯಾರ ನೋಡುವ ಚಿಂತೆ ಇರುವುದಿಲ್ಲ.

ಹೆಜ್ಜೆ 4: ಚೀಲ ಮತ್ತು ಪಾದ

ತಲೆಗೆ ಒಂದು ಲೀಟರ್ ನೀರು. ಫೆಬ್ರವರಿ ಕಳೆದರೆ ಒಂದೂವರೆ. ನಾಲೆಯ ನೀರು ನೋಡಲು ತಿಳಿಯಾಗಿದ್ದರೂ ಕುಡಿಯಬೇಡಿ. ಟೋಪಿ, ಟವೆಲ್, ಒಂದು ಊರುಗೋಲು, ಚಾರ್ಜ್ ಇರುವ ಮೊಬೈಲ್. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಮಂಡಕ್ಕಿ ಹಗುರವೆಂದು ಒಯ್ಯುವವರು ಅದರ ಪ್ಲಾಸ್ಟಿಕ್ ಚೀಲವನ್ನೂ ವಾಪಸು ತರಬೇಕು. ಬೆಣ್ಣೆದೋಸೆ ನಡಿಗೆ ಮುಗಿದ ಮೇಲೆ, ಮೊದಲಲ್ಲ.

ಪಾದರಕ್ಷೆಯ ವಿಷಯದಲ್ಲಿ ಮಣ್ಣು ನೋಡಿ ತೀರ್ಮಾನಿಸಿ. ಕೆಂಪು ಮಣ್ಣಿನಲ್ಲಿ ಯಾವ ಬೂಟಾದರೂ ನಡೆಯುತ್ತದೆ. ಎರೆಭೂಮಿಯಲ್ಲಿ ಮಳೆಯಾದ ಮರುದಿನ ಹೊರಟರೆ ಹತ್ತು ಹೆಜ್ಜೆಗೆ ಪ್ರತಿ ಕಾಲಿಗೂ ಅರ್ಧ ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ, ಹಿರಿಯರು ಜಾರಿ ಬೀಳುತ್ತಾರೆ. ಎರಡು ಮೂರು ದಿನ ಬಿಸಿಲು ಬೀಳಲಿ. ಚಪ್ಪಲಿ ಬೇಡ, ಜಾಲಿಮುಳ್ಳು ಅದನ್ನು ಸುಲಭವಾಗಿ ತೂರುತ್ತದೆ.

ಹೆಜ್ಜೆ 5: ಅಪಾಯಗಳ ಲೆಕ್ಕ

ನಾಲೆಯ ಮುಖ್ಯ ಅಪಾಯ ಅದರ ಇಳಿಜಾರು ಗೋಡೆ. ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿರುತ್ತದೆ. ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಂದರೂ ಹತ್ತಿ ಬರುವುದು ಕಷ್ಟ. ಕೈಕಾಲು ತೊಳೆಯಲು, ಫೋಟೊ ತೆಗೆಯಲು ಅಂಚಿಗೆ ಇಳಿಯಲೇಬೇಡಿ. ಮಗುವನ್ನು ನಾಲೆಯ ಕಡೆಗಲ್ಲ, ಹೊಲದ ಕಡೆಗೆ ನಡೆಸಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಟವೆಲ್, ಸೀರೆ, ಉದ್ದನೆಯ ಕೋಲು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ನೆರವಿಗೆ ಕೂಗಿ, 112ಕ್ಕೆ ಕರೆ ಮಾಡಿ. ಎಲ್ಲೆಲ್ಲಿ ಮೆಟ್ಟಿಲುಗಳಿವೆ ಎಂದು ನಡೆಯುತ್ತಲೇ ನೋಡಿಟ್ಟುಕೊಳ್ಳಿ.

ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಮುಂದಿನ ಹೆಜ್ಜೆಗೆ ಆಳುದ್ದ ಇರಬಹುದು. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ದಂಡೆಯ ಮೇಲೆ ನಡೆಯಿರಿ, ನೀರಿಗಿಳಿಯಬೇಡಿ.

ಭತ್ತದ ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಗರ, ಕೊಳಕುಮಂಡಲ ಎರಡೂ ನಮ್ಮಲ್ಲಿವೆ. ಹುಲ್ಲು ಬೆಳೆದ ಕಡೆ ಊರುಗೋಲಿನಿಂದ ಮುಂದಿನ ನೆಲ ತಟ್ಟಿಕೊಂಡು ನಡೆಯಿರಿ, ಕಲ್ಲುರಾಶಿಯ ಮೇಲೆ ಕೂರಬೇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ, ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಕಾಯುವುದಕ್ಕಿಂತ ಬೇಗ ತಲುಪುವ ವಾಹನ ಇದ್ದರೆ ನೇರ ಆಸ್ಪತ್ರೆಗೆ.

ಸೇತುವೆ, ಮೇಲ್ಗಾಲುವೆಗಳ ತಳದಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಬೀಡಿ, ಬೆಂಕಿ, ಗದ್ದಲ ಬೇಡ. ಪಂಪ್‌ಸೆಟ್ಟಿನ ತಂತಿ ದಂಡೆಯ ಮೇಲೆ ಬಿದ್ದಿದ್ದರೆ ದೂರದಿಂದ ಬಳಸಿ ಹೋಗಿ, ಒದ್ದೆ ನೆಲವಾದರಂತೂ ಇನ್ನೂ ದೂರ. ಔಷಧಿ ಹೊಡೆಯುವ ಗದ್ದೆಯ ಪಕ್ಕ ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಮುಗಿಯುವವರೆಗೆ ನಿಲ್ಲಿ. ಹೊಲದ ನಾಯಿ ಬೊಗಳಿದರೆ ಓಡಬೇಡಿ. ನಿಂತು, ನೆಲದ ಕಲ್ಲಿಗೆ ಬಗ್ಗಿದಂತೆ ಮಾಡಿದರೆ ಬಹುಪಾಲು ನಾಯಿಗಳಿಗೆ ಅರ್ಥವಾಗುತ್ತದೆ. ಸುಗ್ಗಿಯಲ್ಲಿ ರಸ್ತೆ ತುಂಬಾ ಮೆಕ್ಕೆಜೋಳ, ಭತ್ತ ಹರವಿರುತ್ತಾರೆ. ಅದರ ಮೇಲೆ ಬೂಟುಗಾಲಿನಲ್ಲಿ ನಡೆಯುವವರಿಗೆ ಬೈಗುಳ ಬಿದ್ದರೆ ಅದು ನ್ಯಾಯವೇ.

ಎಲ್ಲಿಂದ ಆರಂಭಿಸುವುದು

ಹರಿಹರ ಮೊದಲ ನಡಿಗೆಗೆ ತಕ್ಕ ಜಾಗ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್, ಬಸ್ಸೂ ರೈಲೂ ಇವೆ. ಹರಿಹರೇಶ್ವರ ದೇವಸ್ಥಾನದಿಂದ ಹೊರಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ದರ್ಶನ ಮುಗಿಸಿ. ಅಲ್ಲಿಂದ ಹೊಳೆದಂಡೆಗೆ ಇಳಿದು, ನೀರನ್ನು ಒಂದು ಬದಿಗಿಟ್ಟುಕೊಂಡು ಹಳೆಯ ಸೇತುವೆ ಕಾಣುವ ಕಡೆಗೆ ನಡೆಯಿರಿ. 1868ರಲ್ಲಿ ಮುಗಿದ ಈ ಸೇತುವೆಗೆ ಅರವತ್ತು ಅಡಿಯ ಹದಿನಾಲ್ಕು ಕಮಾನುಗಳು. ರಸ್ತೆಯ ಮೇಲಿಂದ ಅದರ ಅಂದ ಗೊತ್ತಾಗುವುದಿಲ್ಲ, ದಂಡೆಯಿಂದಲೇ ನೋಡಬೇಕು. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಸೇರುವುದೂ ಹರಿಹರದ ಬಳಿಯೇ. ನೀರು ಇಳಿದ ಜನವರಿಯಲ್ಲಿ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿರುತ್ತವೆ. ಎಲ್ಲ ಸೇರಿ ಎರಡು ಗಂಟೆ ಸಾಕು. ಸ್ನಾನಘಟ್ಟದ ಹತ್ತಿರದ ಕಸ ಕಣ್ಣಿಗೆ ಹಿತವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಊರು ದಾಟಿದ ಮೇಲೆ ದಂಡೆ ಚೊಕ್ಕಟವಾಗುತ್ತದೆ.

ಎರಡನೆಯದು ಮಲೇಬೆನ್ನೂರು ಕಡೆಯ ನಾಲೆ. ಹರಿಹರ–ಶಿವಮೊಗ್ಗ ರಸ್ತೆಯ ಬಸ್ ಹತ್ತಿ ಇಳಿದು, ಶಾಖಾ ನಾಲೆಯ ಸೇತುವೆ ಸಿಕ್ಕಲ್ಲಿ ಮಣ್ಣಿನ ರಸ್ತೆ ಹಿಡಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ತೆಂಗು, ಅಡಿಕೆ. ತಂತಿಯ ಮೇಲೆ ಮಿಂಚುಳ್ಳಿ, ಗದ್ದೆಯಲ್ಲಿ ಬೆಳ್ಳಕ್ಕಿಗಳ ಸಾಲು, ಈಚಲು ಮರದಲ್ಲಿ ಗೀಜಗನ ಗೂಡು. ಮೂರು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳಿದರೂ ಬೇಸರವಿಲ್ಲ, ಬೆಳಕು ಬದಲಾಗಿರುತ್ತದೆ. ಹತ್ತಿರದ ಕೊಮಾರನಹಳ್ಳಿಯಲ್ಲಿ ಹೆಳವನಕಟ್ಟೆ ರಂಗನಾಥನ ಗುಡಿ, ಪಕ್ಕದಲ್ಲೇ ಕೆರೆ. ಹರಿದಾಸ ಪರಂಪರೆಯ ಗಿರಿಯಮ್ಮನ ಹೆಸರಿಗೆ ಅಂಟಿಕೊಂಡಿರುವ ಹೆಳವನಕಟ್ಟೆ ಇದೇ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಈ ರಸ್ತೆಯಲ್ಲಿ ನನಗೆ ಕಂಡಿಲ್ಲ.

ಸೂಳೆಕೆರೆ, ಅಂದರೆ ಶಾಂತಿಸಾಗರ, ನೋಡಲೇಬೇಕಾದ ಕೆರೆ, ಆದರೆ ನಡಿಗೆಗೆ ನನ್ನ ಮೊದಲ ಆಯ್ಕೆಯಲ್ಲ. ಭಾನುವಾರ ವಾಹನಗಳ ಗದ್ದಲ. ವಾರದ ದಿನ, ನಸುಕಿನಲ್ಲಿ ಹೋಗಿ.

ಚಿತ್ರದುರ್ಗ, ಹಿರಿಯೂರು ಕಡೆಯವರಿಗೆ ವೇದಾವತಿ ಇದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ಊರವರು ಈಗಲೂ ಮಾರಿಕಣಿವೆ ಎನ್ನುತ್ತಾರೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಬಹುಕಾಲ ಒಣಗಿದ ಹೊಳೆಯನ್ನೇ ಕಂಡವರು ಅದರ ಪಾತ್ರವನ್ನೇ ದಾರಿ ಮಾಡಿಕೊಂಡಿರುತ್ತಾರೆ. ನೀವು ಹಾಗೆ ಮಾಡಬೇಡಿ: ಜಲಾಶಯ ತುಂಬಿದ ವರ್ಷಗಳಲ್ಲಿ ಕೋಡಿಯ ನೀರು ಇದೇ ಪಾತ್ರದಲ್ಲಿ ಬರುತ್ತದೆ. ಅಣೆಕಟ್ಟೆಯ ಕೆಳಗಿನ ನಾಲೆಗಳ ಬದಿಯ ತೋಟದ ದಾರಿಗಳು ಸಮತಟ್ಟು, ತೆಂಗಿನ ನೆರಳೂ ಇದೆ. ಬೇಸಿಗೆಯಲ್ಲಿಯೂ ಹತ್ತು ಗಂಟೆಯವರೆಗೆ ನಡೆಯಬಹುದಾದ ದಾರಿ ಈ ಸೀಮೆಯಲ್ಲಿ ಇದ್ದರೆ ಅದು ಅಲ್ಲಿಯೇ. ನಡಿಗೆಯನ್ನು ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ಹತ್ತಿರ ಮುಗಿಸುವಂತೆ ಯೋಜಿಸಿದರೆ ಮರಳಲು ಬಸ್ಸಿನ ತೊಂದರೆ ಇಲ್ಲ.